ಒಂದೇ ಹೊಟ್ಟೆಯಿಂದ ಉಣ್ಣುವ ಇಬ್ಬರು

ಹುಬ್ಬಳ್ಳಿ-ಧಾರವಾಡಕ್ಕೆ ಸಮುದ್ರವಿಲ್ಲ. ಆದರೆ ಸಮುದ್ರದ ಹಕ್ಕಿಗಳ ಬಂಧುವೊಂದು ನಮ್ಮ ನಡುವೆಯೇ ಬದುಕುತ್ತಿದೆ. ಉಣಕಲ್ ಕೆರೆಯಲ್ಲಾಗಲಿ ಕೆಲಗೇರಿ ಕೆರೆಯಲ್ಲಾಗಲಿ, ನೀರಿನಿಂದ ಮೇಲೆದ್ದ ಒಣಕೊಂಬೆಯ ಮೇಲೆ ಕುಳಿತು ಎರಡೂ ರೆಕ್ಕೆಗಳನ್ನು ಚಾಚಿ ಬಿಸಿಲಿಗೆ ಒಣಗಿಸಿಕೊಳ್ಳುವ ಕರಿಯ ಹಕ್ಕಿಯನ್ನು ವಾಚಕರು ನೋಡಿರಬಹುದು. ಅದೇ ನೀರುಕಾಗೆ. ಹೆಸರಿನಲ್ಲಿ ಕಾಗೆ ಇದ್ದರೂ ಅದು ಕಾಗೆಯ ಕುಲದ್ದಲ್ಲ. ಕಡಲಂಚಿನ ಬಂಡೆಗಳ ಮೇಲೆ ಗೂಡು ಕಟ್ಟಿ ಮೀನು ಹಿಡಿದು ಬದುಕುವ ಹಕ್ಕಿಗಳ ಕುಟುಂಬಕ್ಕೆ ಸೇರಿದ್ದು. ಹುಬ್ಬಳ್ಳಿಯಿಂದ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಮುಂಡಗೋಡ ತಾಲೂಕಿನ ಅತ್ತಿವೇರಿ ಪಕ್ಷಿಧಾಮಕ್ಕೆ ಹೋದರೆ ಇವುಗಳನ್ನು ಗುಂಪಾಗಿಯೇ ಕಾಣಬಹುದು.

ನೀರುಕಾಗೆ ತನ್ನ ಮರಿಗೆ ಉಣಿಸುವ ಬಗೆ ವಿಚಿತ್ರವಾದುದು. ಗುಬ್ಬಚ್ಚಿಯಂತೆ ಅದು ಕೊಕ್ಕಿನ ತುದಿಯಲ್ಲಿ ತುತ್ತು ತಂದು ಇಡುವುದಿಲ್ಲ. ತಾಯಿ ಬಾಯಿ ತೆರೆಯುತ್ತದೆ. ಮರಿ ತನ್ನ ತಲೆಯನ್ನೇ ತಾಯಿಯ ಗಂಟಲೊಳಗೆ ತೂರಿಸಿ, ಅಲ್ಲಿಂದ ಅರೆಜೀರ್ಣವಾದ ಮೀನನ್ನು ಎಳೆದುಕೊಂಡು ತಿನ್ನುತ್ತದೆ. ತಾಯಿಯ ಹೊಟ್ಟೆಯೇ ಮರಿಯ ತಟ್ಟೆ. ಆದರೆ ಅದೇ ತಟ್ಟೆಗೆ ಇನ್ನೊಬ್ಬ ಉಣ್ಣುವವನೂ ಇದ್ದಾನೆ. ಆಕಾಶದ ಪಕ್ಷಿಗಳತ್ತ ಕಣ್ಣು ಹಾಯಿಸುವಂತೆ ಪರ್ವತ ಪ್ರಸಂಗವು ನಮ್ಮನ್ನು ಕರೆಯುತ್ತದೆ. ಹಕ್ಕಿಯ ಹೊಟ್ಟೆಯೊಳಗೆ ಇಣುಕಿ ನೋಡಿದವರು ಮಾತ್ರ ಕಡಿಮೆ.

ಮೀನು ತಿನ್ನುವ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳುಗಳಿರುವುದು ಜಗತ್ತಿನಾದ್ಯಂತ ಕಂಡುಬರುವ ಸಂಗತಿ. ನಮ್ಮ ದೇಶದ ಹಕ್ಕಿಗಳಲ್ಲಿ ಕಂಡ ಹುಳುಗಳನ್ನು ಸೌತ್‌ವೆಲ್ ಮತ್ತು ಬೇಲಿಸ್ ಎಂಬ ವಿದ್ವಾಂಸರು 1930ರ ದಶಕದಲ್ಲಿಯೇ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲವನ್ನು ಕುರಿತ ಸಂಪುಟಗಳಲ್ಲಿ ದಾಖಲಿಸಿದ್ದರು. ನೀರುಕಾಗೆಗಳ ಜಠರದಲ್ಲಿ ಹೆಚ್ಚಾಗಿ ಸಿಗುವುದು ಕಾಂಟ್ರಾಸೀಕಂ ಎಂಬ ದುಂಡುಹುಳು. ಅದರ ಪಯಣ ಸುದೀರ್ಘವಾದುದು. ಹಕ್ಕಿಯ ಹಿಕ್ಕೆಯೊಂದಿಗೆ ಮೊಟ್ಟೆ ನೀರಿಗೆ ಬೀಳುತ್ತದೆ. ಅಲ್ಲಿ ಹೊರಬಂದ ಮರಿಹುಳುವನ್ನು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಜಲಕೀಟ ನುಂಗುತ್ತದೆ, ಕೀಟವನ್ನು ಮೀನು ನುಂಗುತ್ತದೆ, ಮೀನನ್ನು ಹಕ್ಕಿ. ಹೀಗೆ ಎರಡು ಹೊಟ್ಟೆಗಳನ್ನು ದಾಟಿ ಬಂದ ಹುಳು ಹಕ್ಕಿಯ ಜಠರದ ಒಳಗೋಡೆಗೆ ತಲೆ ಊರಿಕೊಂಡು, ಹಕ್ಕಿಗೆಂದು ಬಂದ ಮೀನಿನಲ್ಲಿಯೇ ಪಾಲು ಪಡೆಯುತ್ತದೆ. ಹುಳುಗಳು ಗುಂಪಾಗಿ ಅಂಟಿಕೊಂಡಲ್ಲಿ ಹುಣ್ಣಾಗುತ್ತದೆ. ಕೆಳಗೆ ಸಣ್ಣಕರುಳಿನಲ್ಲಿ ಲಾಡಿಹುಳು ಇರುತ್ತದೆ. ಅದಕ್ಕೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಹಕ್ಕಿ ಜೀರ್ಣಿಸಿ ಸಿದ್ಧಪಡಿಸಿದ ಸಾರವನ್ನು ತನ್ನ ಮೈಚರ್ಮದಿಂದಲೇ ಹೀರಿಕೊಂಡು ಬೆಳೆಯುತ್ತದೆ. ಅಡಿಗೆಯೂ ಬೇರೆಯವರದು, ಅಗಿಯುವ ಕೆಲಸವೂ ಬೇರೆಯವರದು ಎಂದರೆ ಇದೇ ಇರಬೇಕು!

ಹಕ್ಕಿಗೆ ಇದರಿಂದಾಗುವ ನಷ್ಟ ತಿಂದುಹೋದ ಆಹಾರದಷ್ಟೇ ಅಲ್ಲ. ಗಾಯಗೊಂಡ ಒಳಪದರವನ್ನು ದಿನವೂ ದುರಸ್ತಿ ಮಾಡಬೇಕು. ಹುಳುವಿನ ವಿರುದ್ಧ ದೇಹದ ಕಾವಲುಪಡೆಯನ್ನು ಸದಾ ಎಚ್ಚರವಾಗಿರಿಸಬೇಕು. ಕೆಟ್ಟುಹೋದ ಕರುಳಿನಿಂದ ಸಾರ ಹೀರುವ ಶಕ್ತಿಯೂ ಕುಗ್ಗುತ್ತದೆ. ಮೀನು ಹೇರಳವಾಗಿರುವ ವರ್ಷದಲ್ಲಿ ಈ ಹೊರೆಯನ್ನು ಹಕ್ಕಿ ಹೇಗೋ ಹೊತ್ತುಕೊಂಡು ನಡೆಯುತ್ತದೆ. ಬಿರುಗಾಳಿಯ, ಬರಗಾಲದ ದಿನಗಳಲ್ಲಿ ಅಷ್ಟೇ ಹುಳುಗಳು ಅದನ್ನು ನೆಲಕ್ಕೆ ಬೀಳಿಸಬಲ್ಲವು.

ಇನ್ನೂ ಮನಕಲಕುವ ಸಂಗತಿಯೊಂದಿದೆ. ಮರಿಯ ಹೊಟ್ಟೆಗೆ ಮೊದಲ ಹುಳು ಸೇರುವುದು ತಂದೆತಾಯಿಗಳು ಅಕ್ಕರೆಯಿಂದ ಉಣಿಸಿದ ಆ ಮೀನಿನ ಮೂಲಕವೇ. ತುತ್ತು ಕೊಟ್ಟ ಪ್ರೀತಿಯೇ ರೋಗವನ್ನೂ ಕೊಟ್ಟಿತು. ಇದರಲ್ಲಿ ಯಾರದು ತಪ್ಪು? ಹಕ್ಕಿಯದಂತೂ ಅಲ್ಲ. ಮೀನಿನದೇ? ಹುಳುವಿನದೇ? ಹುಳುವಿಗೆ ಬೇರೆ ದಾರಿಯೇ ಇಲ್ಲ. ಹೊಲ ಉತ್ತು ಬದುಕುವ ಅವಕಾಶವಿದ್ದೂ ಅದು ಕಳ್ಳತನವನ್ನು ಆರಿಸಿಕೊಂಡದ್ದಲ್ಲ. ಇಂತಹ ಜೀವಿಗಳನ್ನು ಕರುಣಾಮಯನಾದ ದೇವರು ಏಕೆ ಸೃಷ್ಟಿಸಿದನೆಂಬ ಪ್ರಶ್ನೆ ಚಾರ್ಲ್ಸ್ ಡಾರ್ವಿನ್ನನನ್ನೂ ಕಾಡಿತ್ತು. 1860ರಲ್ಲಿ ತನ್ನ ಮಿತ್ರ, ದೈವಭಕ್ತ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಅದನ್ನು ತೋಡಿಕೊಂಡಿದ್ದ. ಆ ಪ್ರಶ್ನೆ ದೊಡ್ಡದು, ಅದನ್ನು ಇಲ್ಲಿ ಬಿಡಿಸಹೊರಟಿಲ್ಲ. ಅದಕ್ಕಿಂತ ಚಿಕ್ಕದಾದ, ಆದರೆ ನಮ್ಮ ಮನೆಯ ಪಡಸಾಲೆಗೆ ಹತ್ತಿರವಾದ ಪ್ರಶ್ನೆಯೊಂದಿದೆ.

ಸ್ಕಾಟ್ಲೆಂಡಿನ ಪೂರ್ವತೀರದಲ್ಲಿ ಐಲ್ ಆಫ್ ಮೇ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಶ್ಯಾಗ್ ಎಂಬ ಕಡಲ ನೀರುಕಾಗೆಗಳನ್ನು ವಿಜ್ಞಾನಿಗಳು ದಶಕಗಳಿಂದ ಗಮನಿಸುತ್ತ ಬಂದಿದ್ದಾರೆ. ಹಕ್ಕಿಯ ಗಂಟಲೊಳಗೆ ಸಣ್ಣ ದರ್ಶಕ ನಳಿಕೆಯನ್ನು ಇಳಿಸಿ ಹುಳುಗಳನ್ನು ಲೆಕ್ಕಮಾಡಿ, ಅವುಗಳ ಮೈಗೆ ಚಲನೆಯನ್ನು ಅಳೆಯುವ ಉಪಕರಣ ಕಟ್ಟಿ ಬಿಟ್ಟರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಫಲಿತಾಂಶ ಹೀಗಿದೆ: ಹುಳು ಹೆಚ್ಚಾಗಿದ್ದ ಹೆಣ್ಣುಹಕ್ಕಿಗಳಿಗೆ ಹಾರಾಟದ ಶ್ರಮ ಶೇಕಡಾ 10ರಷ್ಟು ಹೆಚ್ಚು ತಗಲುತ್ತಿತ್ತು, ಅವು ಹಾರುತ್ತಿದ್ದ ಸಮಯ ಉಳಿದ ಹೆಣ್ಣುಹಕ್ಕಿಗಳಿಗಿಂತ ಶೇಕಡಾ 44ರಷ್ಟು ಕಡಿಮೆಯಾಗಿತ್ತು. ಆದರೆ ಇಡೀ ದಿನದಲ್ಲಿ ವ್ಯಯವಾದ ಒಟ್ಟು ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಪ್ರತಿ ಹಕ್ಕಿಗೂ ದಿನಕ್ಕೆ ಇಷ್ಟೇ ಎಂಬ ಶಕ್ತಿಯ ಮಿತಿಯಿದೆ. ಒಂದು ಕಡೆ ಖರ್ಚು ಹೆಚ್ಚಾದರೆ ಇನ್ನೊಂದು ಕಡೆ ಕೈ ಬಿಗಿಹಿಡಿಯಲೇಬೇಕು. ತಿಂಗಳ ಸಂಬಳದಲ್ಲಿ ಮನೆ ನಡೆಸುವ ತಾಯಂದಿರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೂ ಮೊದಲು, 2008ರಲ್ಲಿ, ಇದೇ ಜಾತಿಯ ತಾಯಿಹಕ್ಕಿಗಳಿಗೆ ಹುಳುನಾಶಕ ಔಷಧ ಕೊಟ್ಟು ನೋಡಿದಾಗ, ಹೆಚ್ಚು ಆಹಾರ ಬೇಡುವ ಗಂಡುಮರಿಗಳನ್ನು ಸಾಕುವ ಅವುಗಳ ಸಾಮರ್ಥ್ಯವನ್ನು ಹುಳುಗಳೇ ಕಟ್ಟಿಹಾಕಿದ್ದವೆಂಬುದು ಗೊತ್ತಾಗಿತ್ತು.

ಈಗ ಆ ದ್ವೀಪದ ದಡದಲ್ಲಿ ನಿಂತು, ಹುಳುವಿನ ಸಂಗತಿ ಏನೂ ತಿಳಿಯದೆ ಹಕ್ಕಿಗಳನ್ನು ನೋಡುತ್ತಿರುವ ಒಬ್ಬನನ್ನು ಕಲ್ಪಿಸಿಕೊಳ್ಳಿ. ಒಂದು ಹಕ್ಕಿ ಮತ್ತೆಮತ್ತೆ ಹಾರಿಹೋಗಿ ಮೀನು ತರುತ್ತಿದೆ. ಇನ್ನೊಂದು ಬಂಡೆಯ ಮೇಲೆ ಸುಮ್ಮನೆ ಕುಳಿತಿದೆ. ಅವನು ಏನೆಂದುಕೊಳ್ಳುತ್ತಾನೆ? ಮೊದಲನೆಯದು ಕಷ್ಟಜೀವಿ, ಎರಡನೆಯದು ಸೋಮಾರಿ ಎಂದಲ್ಲವೇ? ತನ್ನ ಹೊಟ್ಟೆಯೊಳಗೆ ಹತ್ತಾರು ಹುಳುಗಳನ್ನು ಸಾಕುತ್ತಿರುವ ಹಕ್ಕಿಗೇ ಸೋಮಾರಿ ಎಂಬ ಹೆಸರು. ಪರಾವಲಂಬಿಯ ಹೊರೆ ಹೊತ್ತವನೇ ಪರಾವಲಂಬಿಯಂತೆ ಕಾಣುವ ಈ ವಿಪರ್ಯಾಸ ಹಕ್ಕಿಗಳ ಲೋಕಕ್ಕೆ ಸೀಮಿತವಾದುದಲ್ಲ.

ಅಮೆರಿಕದ ದಕ್ಷಿಣದ ರಾಜ್ಯಗಳ ಬಡಜನರು ಹುಟ್ಟು ಸೋಮಾರಿಗಳೆಂದು ಒಂದು ಕಾಲದಲ್ಲಿ ಹೆಸರಾಗಿದ್ದರು. ಬಿಳಿಚಿದ ಮುಖ, ಜೋಲುಬಿದ್ದ ಭುಜ, ಯಾವ ಕೆಲಸಕ್ಕೂ ಏಳದ ಮೈ. ಮೆಥಡಿಸ್ಟ್ ಸಭಾಪಾಲಕರೊಬ್ಬರ ಮಗನಾದ ಚಾರ್ಲ್ಸ್ ವಾರ್ಡೆಲ್ ಸ್ಟೈಲ್ಸ್ ಎಂಬ ಪ್ರಾಣಿವಿಜ್ಞಾನಿ 1902ರಲ್ಲಿ ಇದರ ಹಿಂದೆ ಕೊಕ್ಕೆಹುಳು ಇದೆಯೆಂದು ಹೇಳಿದಾಗ ಪತ್ರಿಕೆಗಳು ಗೇಲಿ ಮಾಡಿ, ಸೋಮಾರಿತನದ ಕ್ರಿಮಿ ಸಿಕ್ಕಿತೆಂದು ಬರೆದವು. ಬರಿಗಾಲಲ್ಲಿ ಹೊಲಸು ಮಣ್ಣನ್ನು ತುಳಿದವರ ಅಂಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಏರಿ, ನುಂಗಿದಾಗ ಕರುಳಿಗೆ ಇಳಿದು ರಕ್ತ ಹೀರುವ ಹುಳು ಅದು. 1909ರಲ್ಲಿ ರಾಕ್‌ಫೆಲ್ಲರ್ ಕೊಟ್ಟ ಹತ್ತು ಲಕ್ಷ ಡಾಲರುಗಳಿಂದ ಆರಂಭವಾದ ಆಯೋಗವು ಪರೀಕ್ಷಿಸಿದಾಗ ಅಲ್ಲಿನ ಶಾಲಾಮಕ್ಕಳಲ್ಲಿ ನೂರಕ್ಕೆ ನಲವತ್ತರಷ್ಟು ಮಂದಿಗೆ ಈ ಹುಳು ತಗುಲಿತ್ತು. ಎಷ್ಟು ತಲೆಮಾರುಗಳ ಮಕ್ಕಳು ರಕ್ತಹೀನತೆಗಾಗಿ ಬೆತ್ತದ ಏಟು ತಿಂದಿರಬಹುದೆಂಬುದನ್ನು ಯಾವ ಆಯೋಗವೂ ಲೆಕ್ಕ ಹಾಕಲಿಲ್ಲ.

ನಮ್ಮಲ್ಲಿಯೂ 2015ರ ಫೆಬ್ರುವರಿ 10ರಂದು ಮೊದಲ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯಿತು. ಒಂದರಿಂದ ಹತ್ತೊಂಬತ್ತು ವರ್ಷದವರೆಗಿನ ಮಕ್ಕಳಿಗೆ ಶಾಲೆ ಮತ್ತು ಅಂಗನವಾಡಿಗಳಲ್ಲಿ 400 ಮಿಲಿಗ್ರಾಂನ ಅಲ್ಬೆಂಡಜೋಲ್ ಮಾತ್ರೆ ಕೊಡುವ ಕಾರ್ಯಕ್ರಮವಿದು. ಎರಡು ವರ್ಷದೊಳಗಿನ ಕೂಸುಗಳಿಗೆ ಅರ್ಧ ಮಾತ್ರೆ. ಹುಬ್ಬಳ್ಳಿ-ಧಾರವಾಡದ ಶಾಲೆಗಳಲ್ಲಿ ಸಾಲಾಗಿ ನಿಂತು ಆ ಮಾತ್ರೆಯನ್ನು ಚೀಪುವ ಮಕ್ಕಳಿಗೆ ಅದರ ಸಪ್ಪೆ ರುಚಿಯಷ್ಟೇ ಗೊತ್ತು. ಅದನ್ನು ಕೈಗಿಡುವ ಶಿಕ್ಷಕರು ಮಾತ್ರ, ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನನ್ನು ದಡ್ಡನೆಂದೋ ಮೈಗಳ್ಳನೆಂದೋ ಕರೆಯುವ ಮುನ್ನ ಒಂದು ಗಳಿಗೆ ತಡೆದರೆ ಆ ದಿನ ಸಾರ್ಥಕವಾಯಿತೆನ್ನಬೇಕು.

ಇಲ್ಲಿಗೆ ಮಾತು ಹುಳುವಿನಿಂದ ಮನುಷ್ಯನಿಗೆ ಬಂದಿತು. ಬರಲೇಬೇಕಾಗಿತ್ತು, ಏಕೆಂದರೆ ಹುಳುವಿಗೆ ನಾವು ಇಟ್ಟಿರುವ ಹೆಸರೇ ಮೂಲತಃ ಮನುಷ್ಯನದು. ಇಂಗ್ಲಿಷಿನ ‘ಪ್ಯಾರಸೈಟ್’ ಎಂಬ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಅದರ ಅರ್ಥ ಇನ್ನೊಬ್ಬರ ಪಕ್ಕದಲ್ಲಿ ಕುಳಿತು ಉಣ್ಣುವವನು ಎಂದು. ಮೊದಮೊದಲು ದೇವಾಲಯದ ಭೋಜನದಲ್ಲಿ ಪಾಲುಗೊಳ್ಳುವವರಿಗೆ ಆ ಗೌರವದ ಹೆಸರಿತ್ತು. ನಾಟಕಕಾರರು ಅದನ್ನು ಶ್ರೀಮಂತರ ಮನೆಯಲ್ಲಿ ಹೊಗಳಿ ಉಣ್ಣುವವನ ಹೆಸರಾಗಿಸಿದರು. ಬಹುಕಾಲದ ನಂತರವಷ್ಟೇ ಅದು ಗಿಡಗಳಿಗೂ ಹುಳುಗಳಿಗೂ ಅಂಟಿಕೊಂಡಿತು. ಕನ್ನಡದಲ್ಲಿ ನಾವು ಪರಾವಲಂಬಿ ಎನ್ನುತ್ತೇವೆ. ಆ ಪದವನ್ನು ಬಿಡಿಸಿ ನೋಡಿ. ಪರರನ್ನು ಅವಲಂಬಿಸಿದವನು, ಅಷ್ಟೇ. ಪಡಿತರ ಚೀಟಿಯ ಅರ್ಜಿಯಲ್ಲಿ, ಪಿಂಚಣಿಯ ನಮೂನೆಯಲ್ಲಿ ‘ಅವಲಂಬಿತರು’ ಎಂಬ ಕಾಲಮಿನ ಕೆಳಗೆ ನಾವು ಯಾರ ಹೆಸರುಗಳನ್ನು ಬರೆಯುತ್ತೇವೆ? ವೃದ್ಧರಾದ ತಂದೆತಾಯಿಯರ, ಓದುವ ಮಕ್ಕಳ, ವಿಧವೆಯಾದ ತಂಗಿಯ, ಕಾಲು ಸ್ವಾಧೀನವಿಲ್ಲದ ತಮ್ಮನ ಹೆಸರುಗಳನ್ನು. ಹುಳುವಿಗೂ ಇವರಿಗೂ ಒಂದೇ ಬೇರಿನ ಪದ! ಇನ್ನು ಹುಳು ಹೊಕ್ಕ ಹಕ್ಕಿಯನ್ನು ಪಠ್ಯಪುಸ್ತಕ ಆತಿಥೇಯ ಎಂದು ಕರೆಯುತ್ತದೆ. ಅದು ಯಾರನ್ನೂ ಮನೆಗೆ ಕರೆದಿರಲಿಲ್ಲ ಪಾಪ.

ಪದಗಳ ಈ ಗೊಂದಲ ನಿರುಪದ್ರವಿ ಎಂದು ತಿಳಿಯಬಾರದು. ನೀರುಕಾಗೆಯ ಗೂಡಿಗೆ ಮತ್ತೊಮ್ಮೆ ಹೋಗೋಣ. ತಾಯಿಯ ಒಂದೇ ಹೊಟ್ಟೆಯಿಂದ ಉಣ್ಣುವವರು ಇಬ್ಬರು: ಮರಿ ಮತ್ತು ಹುಳು. ಇಬ್ಬರೂ ದುಡಿಯುವುದಿಲ್ಲ. ಇಬ್ಬರೂ ಪರರನ್ನು ಅವಲಂಬಿಸಿದವರೇ. ತಿನ್ನುವ ಪ್ರಮಾಣವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಬೆಳೆಯುವ ಮರಿಯೇ ದೊಡ್ಡ ಹೊರೆಯಾದೀತು. ಆದರೂ ಮರಿಯನ್ನು ಪರಾವಲಂಬಿ ಎನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಏಕೆ? ಮರಿ ನಾಳೆ ದೊಡ್ಡದಾಗಿ ಸಾಲ ತೀರಿಸುತ್ತದೆ ಎಂದೇ? ಯಾವ ನೀರುಕಾಗೆಯೂ ಮುದಿ ತಾಯಿಗೆ ಮೀನು ತಂದುಕೊಡುವುದಿಲ್ಲ. ನನಗೆ ತೋರುವ ಕಾರಣ ಬೇರೆ. ಮರಿ ಬಾಯಿ ತೆರೆದು ಕೇಳುತ್ತದೆ. ತಾಯಿ ಅದರ ದನಿಯನ್ನು ಕೇಳಿ ಕೊಡುತ್ತದೆ. ಅಲ್ಲಿ ಕೊಡುವವಳೂ ಇದ್ದಾಳೆ, ಪಡೆಯುವವರೂ ಇದ್ದಾರೆ. ಹುಳು ಕೇಳುವುದಿಲ್ಲ. ತಾಯಿಗೆ ಅದು ಇರುವುದೇ ತಿಳಿಯದು. ಅವಲಂಬನೆ ಇಬ್ಬರಿಗೂ ಸಮಾನ. ಕೇಳದೆ, ಕಾಣದೆ, ಇನ್ನೊಬ್ಬರ ಬಲವನ್ನೇ ಬಸಿದುಕೊಳ್ಳುವುದು ಹುಳುವಿಗೆ ಮಾತ್ರ ಸೇರಿದ್ದು.

ಈ ವ್ಯತ್ಯಾಸವನ್ನು ಅಳಿಸಿಹಾಕಿದ ಕಾಲವೊಂದಿತ್ತು. ಹಿಟ್ಲರನ ಜರ್ಮನಿಯಲ್ಲಿ ಯೆಹೂದ್ಯರನ್ನು ಪರಾವಲಂಬಿ ಕ್ರಿಮಿಗಳೆಂದು ಸಾರಲಾಯಿತು. ಬುದ್ಧಿಮಾಂದ್ಯರನ್ನೂ ಅಂಗವಿಕಲರನ್ನೂ ಪ್ರಯೋಜನವಿಲ್ಲದ ಉಣ್ಣುವ ಬಾಯಿಗಳೆಂದು ಕರೆಯಲಾಯಿತು. ಹೆಸರಿಟ್ಟ ಮೇಲೆ ಕೊಲ್ಲುವುದು ಕಷ್ಟವಾಗಲಿಲ್ಲ. 1941ರ ಆಗಸ್ಟ್ ವೇಳೆಗೆ ಆಸ್ಪತ್ರೆಗಳಿಂದ ಬಸ್ಸಿನಲ್ಲಿ ಒಯ್ದು ಕೊಂದವರ ಸಂಖ್ಯೆ ಎಪ್ಪತ್ತು ಸಾವಿರವನ್ನು ದಾಟಿತ್ತು. ಆ ತಿಂಗಳ 3ರಂದು ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ವೇದಿಕೆಯಿಂದ ಇದನ್ನು ಬಹಿರಂಗವಾಗಿ ಖಂಡಿಸಿದರು. ದುಡಿಯಲಾರದವನನ್ನು ಕೊಲ್ಲಬಹುದಾದರೆ ನಾವೆಲ್ಲ ಮುದುಕರಾದಾಗ ನಮ್ಮ ಗತಿಯೇನು ಎಂಬುದು ಅವರ ವಾದದ ತಿರುಳು. ಅದೇ ತಿಂಗಳಲ್ಲಿ ಸರಕಾರ ಆ ಕಾರ್ಯಕ್ರಮವನ್ನು ನಿಲ್ಲಿಸಿದಂತೆ ತೋರಿಸಿತಾದರೂ ಗುಟ್ಟಾಗಿ ಕೊಲೆಗಳು ಮುಂದುವರಿದವು.

ಸೋವಿಯತ್ ಒಕ್ಕೂಟದ ಕಥೆ ಇನ್ನೊಂದು ಬಗೆಯದು. 1961ರಲ್ಲಿ ಅಲ್ಲಿ ಸಮಾಜದ ಪರಾವಲಂಬಿಗಳ ವಿರುದ್ಧ ಕಾನೂನು ಬಂದಿತು. 1964ರಲ್ಲಿ ಅದರಡಿ ಲೆನಿನ್‌ಗ್ರಾಡಿನ ಯೋಸಿಫ್ ಬ್ರಾಡ್‌ಸ್ಕಿ ಎಂಬ ತರುಣ ಕವಿಗೆ ಐದು ವರ್ಷಗಳ ದುಡಿಮೆಯ ಗಡೀಪಾರು ಶಿಕ್ಷೆಯಾಯಿತು. ಕವಿತೆ ಬರೆಯುವುದು ಕೆಲಸವಲ್ಲವೆಂಬುದು ನ್ಯಾಯಾಲಯದ ನಿಲುವು. 1987ರಲ್ಲಿ ಅದೇ ‘ಪರಾವಲಂಬಿ’ಗೆ ನೊಬೆಲ್ ಪ್ರಶಸ್ತಿ ಬಂದಿತು. ಇದಕ್ಕಿಂತಲೂ ನಮ್ಮನ್ನು ತಟ್ಟಬೇಕಾದ ಸಂಗತಿಯೆಂದರೆ, ದೇವರನ್ನೇ ಒಪ್ಪದ ಆ ದೇಶದ 1936ರ ಸಂವಿಧಾನ ದುಡಿಯದವನಿಗೆ ಊಟವಿಲ್ಲವೆಂಬ ತತ್ವವನ್ನು ಬರೆದಿಟ್ಟುಕೊಂಡಿದ್ದು ಅಪೊಸ್ತಲ ಪೌಲನ ಮಾತಿನ ಎರಕದಲ್ಲಿ. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿರುವ ಆ ಮಾತನ್ನು ನಮ್ಮ ಮನೆಗಳಲ್ಲಿಯೂ ಕೈಲಾಗದವರ ಮೇಲೆ ಬೀಸಿದ್ದನ್ನು ಕೇಳಿದ್ದೇವೆ. ಆದರೆ ಪೌಲನು ಬರೆದದ್ದು ದುಡಿಯದವನನ್ನು ಕುರಿತಲ್ಲ, ದುಡಿಯಲು ಮನಸ್ಸಿಲ್ಲದವನನ್ನು ಕುರಿತು. ಕನ್ನಡ ಬೈಬಲಿನಲ್ಲಿಯೂ ‘ಒಲ್ಲದವನು’ ಎಂಬ ಪದವೇ ಇದೆ. ‘ಒಲ್ಲೆ’ ಎನ್ನುವುದಕ್ಕೂ ‘ಆಗವಲ್ದು’ ಎನ್ನುವುದಕ್ಕೂ ಇರುವ ಅಂತರವನ್ನು ಧಾರವಾಡ ಸೀಮೆಯವರಿಗೆ ವ್ಯಾಖ್ಯಾನ ಮಾಡಿ ಹೇಳಬೇಕಿಲ್ಲ. ಸೋವಿಯತ್ ಸಂವಿಧಾನ ಆ ಒಂದು ಕ್ರಿಯಾಪದವನ್ನು ಬಿಟ್ಟುಬಿಟ್ಟಿತು. ಯೆರೂಸಲೇಮಿನ ಬಡವರಿಗಾಗಿ ಊರೂರು ಸುತ್ತಿ ಹಣ ಕೂಡಿಸಿದವನು ಕೂಡ ಇದೇ ಪೌಲನೆಂಬುದನ್ನು ಮರೆಯಲಾಗದು.

ಹಾಗಾದರೆ ‘ಒಲ್ಲದವರು’ ನಮ್ಮಲ್ಲಿ ಇಲ್ಲವೇ? ಇದ್ದಾರೆ. ಹೆಂಡತಿ ನಾಲ್ಕು ಮನೆಗಳ ಪಾತ್ರೆ ತೊಳೆದು ತಂದ ಹಣವನ್ನು ಟ್ರಂಕಿನಿಂದ ತೆಗೆದುಕೊಂಡು ಮದ್ಯದ ಅಂಗಡಿಗೆ ನಡೆಯುವ ಗಟ್ಟಿಮುಟ್ಟಾದ ಗಂಡಸು ಇದ್ದಾನೆ. ಅವನನ್ನು ಯಾರೂ ಪರಾವಲಂಬಿ ಎನ್ನುವುದಿಲ್ಲ; ಮನೆಯ ಯಜಮಾನ ಎನ್ನುತ್ತಾರೆ. ವಾರದ ಬಡ್ಡಿಯ ಲೆಕ್ಕದಲ್ಲಿ ಬಡವರ ರಟ್ಟೆಯ ಬಲವನ್ನು ಬಸಿಯುವವರಿದ್ದಾರೆ. ಇಂತಹ ಸಾಲವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಲಾಡಿಹುಳುವಿನಂತೆ ಇವರಿಗೂ ಅಗಿಯುವ ಶ್ರಮವಿಲ್ಲ. ಹೊಟ್ಟೆಯೊಳಗಿನ ಹುಳು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ; ಬೀಳುವುದು ಬಳಲಿ ಕುಳಿತ ಹಕ್ಕಿ. ಆದ್ದರಿಂದಲೇ ಬೈಗುಳ ಯಾವಾಗಲೂ ಹಕ್ಕಿಗೆ ತಗಲುತ್ತದೆ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಮನೆಯ ಹಿರಿಯರ ಮೇಲೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆಯನ್ನು ಅವರೇ ನಮಗೆ ಕಲಿಸಿದವರು. ಈಗ ತಾವೇ ಕೂತು ಉಣ್ಣಬೇಕಾಗಿ ಬಂದಿದೆ. ಯಾರೂ ಬಾಯಿಬಿಟ್ಟು ಆಡದಿದ್ದರೂ ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಅವರಿಗೆ ಅರ್ಥವಾಗುತ್ತದೆ. ಗುಳಿಗೆಯ ಖರ್ಚು ಹೆಚ್ಚಾದ ತಿಂಗಳಲ್ಲಿ ಊಟ ತಾನಾಗಿ ಕಡಿಮೆಯಾಗುತ್ತದೆ. ಎರಡು ರೊಟ್ಟಿ ಉಣ್ಣುತ್ತಿದ್ದ ಅಜ್ಜಿ ಒಂದಕ್ಕೆ ಇಳಿಯುತ್ತಾಳೆ, ಹಸಿವಿಲ್ಲವೆನ್ನುತ್ತಾಳೆ, ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕವ್ವಾ, ಒಲ್ಲೆ’ ಎನ್ನುತ್ತಾಳೆ. ಆ ಒಲ್ಲೆಯನ್ನು ನಿಜವೆಂದು ನಂಬಿ ಬುಟ್ಟಿ ಮುಚ್ಚಿಡುವ ಸೊಸೆಯರಿದ್ದಾರೆ. ಕೇಳಿಸದವರಂತೆ ಅವಳ ಕೈ ಸರಿಸಿ, ಇನ್ನರ್ಧ ರೊಟ್ಟಿ ಮುರಿದು ಹಾಕಿ, ಅದರ ಮೇಲೆ ಒಂದು ಸೌಟು ಪಲ್ಯ ಬಡಿಸಿ, ‘ಉಣ್ಣು, ಸುಮ್ಮನ ಉಣ್ಣು’ ಎಂದು ಗದರುವ ಸೊಸೆಯರೂ ಇದ್ದಾರೆ.